ಎಡಗಡೆಯ ಸೀಟು

ನೆಲಕ್ಕೆ ತೀರ ಹತ್ತಿರ ಕೂತು ಊರು ಸುತ್ತಿದವರಿಗೆ ಮಾತ್ರ ಗೊತ್ತಿರುವ ಸಂಗತಿಯೊಂದಿದೆ: ಎಮ್ಮೆ ಬಹಳ ಎತ್ತರದ ಪ್ರಾಣಿ. ನಿಂತು ನೋಡುವವರಿಗೆ ಇದು ಹೊಳೆಯುವುದಿಲ್ಲ. ದಾವಣಗೆರೆಯ ನಮ್ಮ ವಿನೋಬನಗರದ ರಸ್ತೆಗೆ ಅಡ್ಡಲಾಗಿ ನಿಂತ ಎಮ್ಮೆಯ ಹೊಟ್ಟೆಯ ಕೆಳಗಿನಿಂದ ನಾನು ಆಚೆ ಬದಿಯ ಕಿರಾಣಿ ಅಂಗಡಿಯ ಬೋರ್ಡು ಓದಿದ್ದೇನೆ. ಆಟೋದ ಚಕ್ರ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಲಾರಿಯ ಪಕ್ಕ ನಿಂತರೆ ಲಾರಿ ಕಾಣುವುದಿಲ್ಲ, ಅದರ ಕರುಳು ಕಾಣುತ್ತದೆ. ಇಷ್ಟೆಲ್ಲ ಜ್ಞಾನ ನನಗೆ ಪ್ರಾಪ್ತವಾದದ್ದು ನಮ್ಮ ಮನೆಯವರ ಸ್ಪೋರ್ಟ್ಸ್ ಕಾರಿನ ಎಡಗಡೆಯ ಸೀಟಿನಲ್ಲಿ.

ಕಾರು ಹಳದಿ. ಇಂಗ್ಲೆಂಡಿನದು, ವಯಸ್ಸಿನಲ್ಲಿ ನಮ್ಮಿಬ್ಬರಿಗಿಂತ ತುಸು ಹಿರಿಯದು. ಮುಂದೆ ಉದ್ದನೆಯ ಮೂಗು, ಹಿಂದೆ ಗಿಡ್ಡ ಬಾಲ, ನಡುವೆ ಎರಡೇ ಸೀಟು. ಮೇಲೊಂದು ಕ್ಯಾನ್ವಾಸಿನ ಚಾವಣಿ; ಬಿಸಿಲಿಗೆಂದು ಎಳೆದರೆ ಬರುವುದಿಲ್ಲ, ಗಾಳಿಗೆಂದು ಮಡಚಿದರೆ ಬಂದು ತಲೆಯ ಮೇಲೆ ಬೀಳುತ್ತದೆ. ಹರಿಹರದ ಕಾರ್ಖಾನೆಯೊಂದರಲ್ಲಿದ್ದ ಎಂಜಿನಿಯರ್ ಒಬ್ಬರು ಊರು ಬಿಡುವಾಗ ಅದನ್ನು ನಮ್ಮವರಿಗೆ ಮಾರಿ ಹೋದರು. ಆಗ ನಮ್ಮ ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಮ್ಮವರ ಹೆಸರು ಮಲ್ಲಿಕಾರ್ಜುನ, ಬಜಾರಿಗೆಲ್ಲ ಮಲ್ಲಣ್ಣ, ಮಂಡಕ್ಕಿಯ ಸಗಟು ವ್ಯಾಪಾರ. ಮಂಡಕ್ಕಿ ಮಾರುವವನಿಗೂ ಸ್ಪೋರ್ಟ್ಸ್ ಕಾರಿಗೂ ಏನು ಸಂಬಂಧ ಎಂದು ಕೇಳಿದವರಿಗೆ, ಎರಡರಲ್ಲೂ ಗಾಳಿಯೇ ಹೆಚ್ಚು ಎಂದು ಅವರೇ ಹೇಳಿ ನಗುತ್ತಿದ್ದರು.

ಆಗ ಮನೆಯಲ್ಲಿ ಅತ್ತೆ, ಮಾವ, ಮೈದುನಂದಿರು, ಅವರ ಹೆಂಡಂದಿರು, ಮಕ್ಕಳು, ಇವರೆಲ್ಲರ ಮೇಲೆ ಬಂದು ಹೋಗುವ ನೆಂಟರು. ಬರುವ ನೆಂಟರು ಹೋದದ್ದನ್ನು ನಾನು ಕಂಡದ್ದು ಕಡಿಮೆ. ಕಾರು ಬಂದ ದಿನ ಮಾವನವರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಳಗೆ ಇಣುಕಿ, ಹಿಂದಿನ ಸೀಟು ಎಲ್ಲಿ ಎಂದು ಕೇಳಿದರು. ಇಲ್ಲ ಎಂದಾಗ ಸ್ವಲ್ಪ ಯೋಚಿಸಿ, ಆಮೇಲೆ ಕಳಿಸಿಕೊಡುತ್ತಾರೇನು ಎಂದು ಕೇಳಿದರು. ಅತ್ತೆಯವರು ಏನನ್ನೂ ಕೇಳಲಿಲ್ಲ. ಮಗ ಮನೆ ಒಡೆಯುವ ಮಿಷನ್ನು ತಂದಿದ್ದಾನೆ ಎಂದು ಓಣಿಗೆ ತಿಳಿಸಿ ಬಂದರು.

ಅವರ ಮಾತಿನಲ್ಲಿ ಅರ್ಥವಿತ್ತು. ಅಷ್ಟು ಜನರ ಮನೆಯಲ್ಲಿ ಗಂಡ ಹೆಂಡತಿ ಮಾತಾಡಿಕೊಳ್ಳಲು ನಮಗಿದ್ದ ಒಂದೇ ಖಾಸಗಿ ಕೋಣೆ ಅದು. ಕೋಣೆಗೆ ಚಕ್ರಗಳಿದ್ದವು ಅಷ್ಟೆ. ಭಾನುವಾರ ಸಂಜೆ ಹರಿಹರದ ದೇವಸ್ಥಾನಕ್ಕೆ ಎಂದು ಹೊರಡುತ್ತಿದ್ದೆವು. ಊರು ದಾಟುವ ತನಕ ಮೌನ. ದಾಟಿದ ಮೇಲೆ, ಆ ವಾರ ಮನೆಯಲ್ಲಿ ಆಡಲಾಗದೆ ಕಟ್ಟಿಟ್ಟುಕೊಂಡಿದ್ದ ಜಗಳವನ್ನು ಬಿಚ್ಚುತ್ತಿದ್ದೆವು. ಎಂಜಿನ್ನಿನ ಗದ್ದಲಕ್ಕೆ ಅರ್ಧ ಬೈಗುಳ ಒಬ್ಬರದು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಬರುವಾಗ ರಾಜಿಯಾಗಿರುತ್ತಿದ್ದೆವು. ನಮ್ಮ ದಾಂಪತ್ಯ ಇಷ್ಟು ದೂರ ಬಂದದ್ದಕ್ಕೆ ಹಿರಿಯರ ಆಶೀರ್ವಾದ ಎಷ್ಟು ಕಾರಣವೋ, ಆ ಸೈಲೆನ್ಸರಿನ ತೂತೂ ಅಷ್ಟೇ ಕಾರಣ.

ಕಾಲೇಜಿನಲ್ಲಿ ಕನ್ನಡ ಕಲಿಸಿದವಳು ನಾನು, ಸ್ವಲ್ಪ ಅಡ್ಡದಾರಿ ಹಿಡಿಯದಿದ್ದರೆ ಪಾಠ ಮಾಡಿದಂತೆ ಅನ್ನಿಸುವುದಿಲ್ಲ. ನಮ್ಮ ದೇವರ ಮನೆಯಲ್ಲೊಂದು ಹಳೆಯ ಕ್ಯಾಲೆಂಡರಿನ ಪಟವಿದೆ. ಅದರಲ್ಲಿ ಗಣಪತಿಗೆ ಇಲಿ, ಷಣ್ಮುಖನಿಗೆ ನವಿಲು. ಮಕ್ಕಳಿಬ್ಬರೂ ತಂತಮ್ಮ ವ್ಯವಸ್ಥೆ ಮಾಡಿಕೊಂಡಿದ್ದಾರೆ. ಶಿವ ಪಾರ್ವತಿಯರದು ಮಾತ್ರ ಒಂದೇ ಎತ್ತು, ಇಬ್ಬರಿಗೆ ಜಾಗ. ನಮ್ಮವರು ಇದನ್ನು ತೋರಿಸಿ, ತಮ್ಮ ಕಾರು ಶಾಸ್ತ್ರಸಮ್ಮತ ಎಂದು ತಂದೆಯವರೊಡನೆ ವಾದಿಸುತ್ತಿದ್ದರು. ಹರಿಹರದ ದೇವರಂತೂ ಇಬ್ಬರು ಸೇರಿ ಒಂದೇ ಮೈಯಲ್ಲಿ ನಿಂತಿದ್ದಾರೆ, ಮೂರನೆಯವರು ಎಲ್ಲಿ ಎಂದು ಯಾರಾದರೂ ಕೇಳಿದ್ದಾರಾ ಎನ್ನುತ್ತಿದ್ದರು. ಮಾವನವರು ಪಟಕ್ಕೆ ಕೈ ಮುಗಿದು ಎದ್ದು ಹೋಗುತ್ತಿದ್ದರು. ಆ ಪಟದಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದದ್ದೇ ಬೇರೆ. ಪಾರ್ವತಿ ಯಾವಾಗಲೂ ಎಡಗಡೆ. ಆ ಬದಿಯಲ್ಲಿ ಕೂರುವುದು ಹೇಗಿದೆಯಮ್ಮ ಎಂದು ಅವಳನ್ನು ಕೇಳಿದವರು ಯಾರೂ ಇದ್ದಂತಿಲ್ಲ.

ನನ್ನನ್ನು ಕೇಳಿದರೆ ಹೇಳುತ್ತೇನೆ: ನಮ್ಮ ಕಾರಿನ ಹೊಗೆಕೊಳವೆ ಹೋಗುವುದು ಎಡಗಡೆಯ ಸೀಟಿನ ಕೆಳಗೆ. ಹೊರಟು ಸ್ವಲ್ಪ ಹೊತ್ತಿಗೆ ಕಾಲ ಕೆಳಗಿನ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತದೆ. ತುಕ್ಕು ಹಿಡಿದು ಅಲ್ಲೊಂದು ತೂತೂ ಬಿದ್ದಿತ್ತು. ಅದರ ಮೇಲೆ ರಬ್ಬರ್ ಮ್ಯಾಟು ಹಾಸಿದ್ದೆವು. ಮ್ಯಾಟು ಸರಿದಾಗ ಕಾಲ ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ಹೆದ್ದಾರಿಗೆ ಹೊಸ ಡಾಂಬರು ಬಿದ್ದಿದೆ ಎಂದು ಮೊದಲು ತಿಳಿಯುತ್ತಿದ್ದವಳು ನಾನೇ. ಹೇಳಿದಾಗಲೆಲ್ಲ ನಮ್ಮವರು, ತಮ್ಮ ಕಡೆ ಏನೂ ತೊಂದರೆ ಇಲ್ಲವಲ್ಲ ಎನ್ನುತ್ತಿದ್ದರು. ಅದೇನೂ ಸುಳ್ಳಾಗಿರಲಿಲ್ಲ. ಇನ್ನು ರೋಡ್ ಹಂಪು. ನಮ್ಮ ಕಡೆ ಮನೆ ಕಟ್ಟಿಸಿದವರೆಲ್ಲ ಮುಂದೊಂದು ಹಂಪನ್ನೂ ಕಟ್ಟಿಸಿಕೊಳ್ಳುತ್ತಾರೆ. ಕಾರಿನ ಹೊಟ್ಟೆ ತಾಗದಿರಲಿ ಎಂದು ಪ್ರತಿ ಹಂಪಿಗೂ ನಾನು ಇಳಿಯಬೇಕು, ಕಾರು ಓರೆಯಾಗಿ ದಾಟಬೇಕು, ನಾನು ಮತ್ತೆ ಹತ್ತಬೇಕು. ಓಣಿಯ ಹೆಂಗಸರು ನನ್ನನ್ನು ಕಾರಿನ ಹಿಂದೆ ನಡೆದು ಹೋಗುವವಳೆಂದೇ ಗುರುತಿಸುತ್ತಿದ್ದರು.

ಹೀಗೆ ನಡೆದಿರುವಾಗ ನಮ್ಮವರ ಸೊಂಟ ಹಿಡಿಯಲು ಶುರುವಾಯಿತು. ಡಾಕ್ಟರು ನೆಲದ ಮೇಲೆ ಕೂರಬೇಡಿ ಎಂದರು. ಆ ಕಾರಿನಲ್ಲಿ ಕೂರುವುದೆಂದರೆ ನೆಲದ ಮೇಲೆ ಕೂರುವುದೇ. ಅದರ ಕ್ಲಚ್ ತುಳಿಯಲು ಮಂಡಕ್ಕಿ ಭಟ್ಟಿಯಲ್ಲಿ ದುಡಿದ ಕಾಲು ಬೇಕು. ಜೊತೆಗೆ, ಮೈದುನಂದಿರೆಲ್ಲ ಬೇರೆ ಬೇರೆ ಮನೆ ಮಾಡಿ, ಮಗಳು ಮದುವೆಯಾಗಿ ಊರಲ್ಲೇ ಇನ್ನೊಂದು ಬಡಾವಣೆಗೆ ಹೋಗಿ, ಈಗ ನಮಗೆ ಜಗಳವಾಡಲು ಮನೆ ತುಂಬ ಜಾಗ. ಮಾರಿಬಿಡೋಣ ಎಂದು ನಾನು ಹೇಳತೊಡಗಿದೆ. ಅವರು ಎದ್ದು ಹೋಗಿ ಕಾರು ಒರೆಸುತ್ತಿದ್ದರು.

ಆಗ ಬಂದವನು ರುದ್ರೇಶ. ಆನಗೋಡಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ದೊಡ್ಡ ಹೋಟೆಲು ಕಟ್ಟಿಸುತ್ತಿದ್ದ ಹುರುಪಿನ ಮನುಷ್ಯ, ನಮ್ಮವರಿಗೆ ಬಜಾರಿನ ಪರಿಚಯ. ಕಾರು ನೋಡಿದ, ಬಾನೆಟ್ಟು ಎತ್ತಿಸಲಿಲ್ಲ, ಮೈಲೇಜು ಕೇಳಲಿಲ್ಲ. ನಾವು ಹೇಳಿದ ಬೆಲೆಗೆ ಒಪ್ಪಿಬಿಟ್ಟ. ಹೋಟೆಲಿನ ಮುಂದೆ ಸಿಮೆಂಟಿನ ಕಟ್ಟೆ ಕಟ್ಟಿಸಿ, ಕಾರನ್ನು ಮೇಲೆ ಮೂತಿ ಎತ್ತಿ ನಿಲ್ಲಿಸುತ್ತಾನಂತೆ. ಬಂದವರು ಫೋಟೋ ತೆಗೆಸಿಕೊಳ್ಳಬೇಕಂತೆ.

"ಎಂಜಿನ್ ನೀವೇ ಇಟ್ಕೊಳ್ರಿ ಮಲ್ಲಣ್ಣ, ನಮಗೆ ಬ್ಯಾಡ," ಎಂದ ಉದಾರವಾಗಿ.

ನಮ್ಮವರ ಮುಖ ನೋಡುವ ಹಾಗಿರಲಿಲ್ಲ. ಸೋಮವಾರ ಹೇಳುತ್ತೇನೆ ಎಂದು ಅವನನ್ನು ಕಳಿಸಿದರು. ಭಾನುವಾರ ಸಂಜೆ, ಕೊನೆಯದಾಗಿ ಒಮ್ಮೆ ಹರಿಹರಕ್ಕೆ ಹೋಗಿಬರೋಣ ಎಂದರು. ದಾರಿಯಲ್ಲಿ ಗೇರು ಬದಲಿಸುವಾಗೆಲ್ಲ ಅದರ ಗುಂಡಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಮಾರಿಬಿಡೋಣ ಎಂದು ಹೇಳಿಕೊಂಡು ಬಂದವಳು ನಾನಾದ್ದರಿಂದ, ಯಾರದೋ ಮನೆಯ ಹುಡುಗಿಯನ್ನು ತಪ್ಪಾದ ಕಡೆ ಕೊಡಿಸಿದ ಮದುವೆ ದಲ್ಲಾಳಿಯಂತೆ ಮುದುಡಿ ಕೂತಿದ್ದೆ.

ದೇವಸ್ಥಾನದ ಹತ್ತಿರ ನಿಲ್ಲಿಸಿದರು. ಆ ಕಾರಿನಿಂದ ಇಳಿಯುವುದಕ್ಕೆ ಅವರದೊಂದು ಕ್ರಮವಿತ್ತು: ಬಲಗಾಲು ಹೊರಗೆ, ಬಾಗಿಲ ಮೇಲೆ ಕೈ, ಒಂದು ದೀರ್ಘ ಉಸಿರು, ಆಮೇಲೆ ಉಳಿದ ದೇಹ. ಅಂದು ಉಸಿರಿನವರೆಗೆ ಸರಿಯಾಗಿಯೇ ಆಯಿತು. ಎದ್ದವರು ಅರ್ಧಕ್ಕೆ ನಿಂತರು. ಮೇಲೆ ಬರಲೂ ಆಗದು, ಕೆಳಗೆ ಹೋಗಲೂ ಆಗದು. ಸೊಂಟ ಅಲ್ಲೇ ಕಚ್ಚಿಕೊಂಡಿತ್ತು. ಎರಡೂ ಕೈ ಬಾಗಿಲ ಮೇಲೆ ಜೋಡಿಸಿ, ಗೋಪುರದ ಕಡೆ ಮುಖ ಮಾಡಿ, ತಲೆ ಬಾಗಿಸಿ ನಿಂತವರನ್ನು ಕಂಡು ಹೂ ಮಾರುವ ಮುದುಕಿ ಇಂಥ ಭಕ್ತಿ ಈಗಿನ ಕಾಲದಲ್ಲಿ ಎಲ್ಲಿ ಬರಬೇಕು ಎಂದು ಪಕ್ಕದವಳಿಗೆ ಹೇಳುತ್ತಿದ್ದಳು. ದೇವಸ್ಥಾನಕ್ಕೆ ಬಂದ ಗಂಡ ಹೆಂಡತಿ ಇಬ್ಬರು ಅವರ ಹಿಂದೆ ನಿಂತು ತಾವೂ ಕೈ ಮುಗಿದರು.

ನಾಲ್ಕು ಜನ ಸೇರಿ ಅವರನ್ನು ಕಾರಿನ ಸುತ್ತ ನಡೆಸಿಕೊಂಡು ಬಂದು ಎಡಗಡೆಯ ಸೀಟಿನಲ್ಲಿ ಇಳಿಸಿದೆವು. ಆಟೋ ಮಾಡೋಣ, ಕಾರು ಇಲ್ಲೇ ಇರಲಿ, ನಾಳೆ ಯಾರನ್ನಾದರೂ ಕಳಿಸೋಣ ಎಂದು ನರಳುತ್ತ ಯೋಜನೆ ಹಾಕತೊಡಗಿದರು. ಕಾಲೇಜಿಗೆ ನಾನೇ ಸಣ್ಣ ಕಾರು ಓಡಿಸಿಕೊಂಡು ಹೋಗುತ್ತಿದ್ದವಳು, ಲೈಸೆನ್ಸು ಇದ್ದವಳು ಎನ್ನುವುದು ಅವರಿಗೆ ನೆನಪಾದಂತೆ ಕಾಣಲಿಲ್ಲ. ಈ ಕಾರಿನ ಮಟ್ಟಿಗೆ ಅದು ಯಾವತ್ತೂ ನೆನಪಾಗಿರಲಿಲ್ಲ.

"ಕೀಲಿ ಕೊಡ್ರಿ," ಅಂದೆ.

"ಇದು ನಿನಗೆ ಬರಂಗಿಲ್ಲ. ಇದರ ಮರ್ಜಿನೇ ಬ್ಯಾರೆ ಐತೆ."

"ಇಷ್ಟು ವರ್ಷ ಪಕ್ಕದಾಗೆ ಕೂತು ನೋಡೀನಲ್ರಿ. ಏನೇನು ಮಾಡಬಾರದು ಅನ್ನೋದು ಪೂರ್ತಿ ಬರ್ತೈತೆ."

ಕೊಟ್ಟರು. ಮೊದಲ ಸಲ ಕಾರು ನೆಗೆದು ನಿಂತಿತು. ಎರಡನೆಯ ಸಲ ಬರೀ ನೆಗೆಯಿತು. ಹರಿಹರ ದಾಟುವ ಹೊತ್ತಿಗೆ ನಾವಿಬ್ಬರೂ, ಎಂದರೆ ಕಾರು ಮತ್ತು ನಾನು, ಒಂದು ಒಪ್ಪಂದಕ್ಕೆ ಬಂದಿದ್ದೆವು. ಹೆದ್ದಾರಿ ಸಿಕ್ಕ ಮೇಲೆ ಏನಾಯಿತು ಎಂದು ಹೇಗೆ ಹೇಳಲಿ? ಸ್ಟಿಯರಿಂಗು ಅಂಗೈಯಲ್ಲಿ ಜೀವವಿದ್ದದ್ದರ ಹಾಗೆ ಮಿಡಿಯುತ್ತದೆ. ಉದ್ದನೆಯ ಹಳದಿ ಮೂಗು ನಾನು ನೋಡಿದ ಕಡೆ ತಿರುಗುತ್ತದೆ, ತಿರುಗಿಸುವ ಮೊದಲೇ ತಿರುಗಿದೆ ಅನ್ನಿಸುತ್ತದೆ. ಎಡಗಡೆ ಕೂತವರಿಗೆ ಬರೀ ಗದ್ದಲವಾಗಿದ್ದದ್ದು ಬಲಗಡೆ ಸಂಗೀತವಾಗಿತ್ತು. ಎಷ್ಟೋ ವರ್ಷಗಳಿಂದ ನನ್ನ ಗಂಡನ ಮುಖದಲ್ಲಿ ಭಾನುವಾರ ಸಂಜೆ ಮಾತ್ರ ಮೂಡುತ್ತಿದ್ದ ಆ ದಡ್ಡ ನಗು ಈಗ ನನ್ನ ಮುಖದ ಮೇಲಿದೆ ಎಂದು ಕನ್ನಡಿ ನೋಡದೆಯೇ ಗೊತ್ತಾಯಿತು.

ಎಡಗಡೆ ತಿರುಗಿ ನೋಡಿದರೆ ನಮ್ಮವರು ಎರಡೂ ಮೊಣಕಾಲನ್ನು ಎದೆಗೆ ಒತ್ತಿಕೊಂಡು, ಹಿಡಿದುಕೊಳ್ಳಲು ಏನೂ ಸಿಗದೆ ತಮ್ಮ ಪಾದಗಳನ್ನೇ ಹಿಡಿದುಕೊಂಡು ಕೂತಿದ್ದರು. ಮ್ಯಾಟು ಸರಿದಿತ್ತು. ಕೆಳಗೆ ಓಡುವ ರಸ್ತೆಯನ್ನು ಬಾವಿಗೆ ಬಗ್ಗಿ ನೋಡಿದವರಂತೆ ನೋಡುತ್ತಿದ್ದರು. ಹಿಂದಿನ ಲಾರಿ ಹಾರ್ನ್ ಹೊಡೆದಾಗ ಬೆಚ್ಚಿ ಮತ್ತಷ್ಟು ಮುದುಡಿದರು. ದಾವಣಗೆರೆಯ ದೀಪಗಳು ಕಾಣುವಾಗ ಬಾಯಿ ಬಿಟ್ಟರು.

"ಇಷ್ಟು ವರ್ಷ ನೀ ಇಲ್ಲಿ ಹೆಂಗೆ ಕೂತಿದ್ದೆ?"

"ಹಿಂಗೇ. ಕಾಲು ಎತ್ತಿಕೊಂಡು," ಅಂದೆ.

ಸರಿದ ಮ್ಯಾಟನ್ನು ಕಾಲಿನಿಂದ ಎಳೆದು ತೂತಿನ ಮೇಲೆ ಹಾಕಿದರು. ಆಮೇಲೆ, ತೀರ ಸಣ್ಣ ದನಿಯಲ್ಲಿ, ಮಾರಿಬಿಡಾಣ ಅಂದರು. ನಾನು ತಕ್ಷಣ ಹೂಂ ಎನ್ನಬೇಕಾಗಿತ್ತು. ನನ್ನ ಬಾಯಿಂದ ಬಂದದ್ದು, ಅಷ್ಟು ಅವಸರ ಏನೈತ್ರಿ ಎಂದು.

ಮನೆಗೆ ಬಂದು, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ ಮಲಗಿಸಿದೆ. ಬೆಳಿಗ್ಗೆ ಕೋಲು ಹಿಡಿದು ಎದ್ದರು. ಆದರೆ ಮನೆಯಲ್ಲಿ ಪಕ್ಷಗಳು ಅದಲುಬದಲಾಗಿದ್ದವು. ಕಾರು ಅಪಾಯಕಾರಿ, ತಗಡು ಸವೆದಿದೆ, ನಿನ್ನ ಕಾಲಿಗೆ ಏನಾದರೂ ಆದರೆ ಏನು ಗತಿ ಎಂದು ಅವರು. ಇಷ್ಟು ವರ್ಷ ಆಗದ್ದು ಈಗೇನಾಗುತ್ತದೆ, ಪಾಪ ಎಂಜಿನ್ ಕಿತ್ತ ಕಾರನ್ನು ಕಟ್ಟೆಯ ಮೇಲೆ ಹೇಗೆ ನಿಲ್ಲಿಸುವುದು ಎಂದು ನಾನು. ನಾವು ಹಿಂದೆ ಆಡಿದ ಮಾತುಗಳನ್ನೇ ಒಬ್ಬರದನ್ನೊಬ್ಬರು ಎತ್ತಿಕೊಂಡು ಆಡುತ್ತಿದ್ದೆವು. ನನ್ನ ವಾದಗಳನ್ನು ಅವರು ನನಗಿಂತ ಚೆನ್ನಾಗಿ ಮಂಡಿಸುತ್ತಿದ್ದರು. ಅಷ್ಟು ವರ್ಷ ಅವನ್ನೆಲ್ಲ ಕಿವಿಗೊಟ್ಟು ಕೇಳಿದ್ದರು ಎನ್ನುವುದು ನನಗೆ ಹೊಸ ಸುದ್ದಿ.

ಇದರ ನಡುವೆ ರುದ್ರೇಶ ಮುಂಗಡ ತೆಗೆದುಕೊಂಡು ಬಂದ. ನಮ್ಮವರು ಕೊಟ್ಟೆ ಎನ್ನುವುದಕ್ಕೆ ಬಾಯಿ ತೆರೆಯುವ ಮೊದಲೇ, ನಾನು ಕೀಲಿ ತೆಗೆದುಕೊಂಡು, ಕೊಳ್ಳುವವರು ಒಂದು ಸುತ್ತಾದರೂ ಕೂತು ನೋಡಬೇಕು ಎಂದೆ. ಅವನಿಗೆ ಇಷ್ಟವಿರಲಿಲ್ಲ. ಹೋಟೆಲಿನ ಯಜಮಾನನ ಹೊಟ್ಟೆ ಅವನದು. ಎಡಗಡೆಗೆ ಇಳಿದು ಕೂತಾಗ ಮಂಡಿ ಗಲ್ಲಕ್ಕೆ ತಾಗಿತು. ಸೀಟು ಎರಡೇ ಆದ್ದರಿಂದ ನಮ್ಮವರು ಕೋಲೂರಿಕೊಂಡು ಗೇಟಿನ ಹತ್ತಿರ ನಿಂತರು.

ದೊಡ್ಡ ಸುತ್ತೇ ಹಾಕಿಸಿದೆ. ರುದ್ರೇಶನ ಮನಸ್ಸು ಬದಲಿಸಲಾರದೆ ಹೋದರೂ ಅವನ ಪಾದಗಳ ಮನಸ್ಸು ಬದಲಾಗಲಿ ಎನ್ನುವುದು ನನ್ನ ಲೆಕ್ಕ. ಅದು ಫಲಿಸಲಿಲ್ಲ. ಇಳಿದವನೇ ಚಪ್ಪಲಿ ಬಿಚ್ಚಿ ನೆಲಕ್ಕೆ ಕಾಲು ಉಜ್ಜುತ್ತ, ಇದು ನಿಂದ್ರಸೋದಕ್ಕೇ ಲಾಯಕ್ಕು ಎಂದು ಹೇಳಿ, ಮುಂಗಡವನ್ನು ನಮ್ಮವರ ಮುಂದೆ ಚಾಚಿದ. ನಾನು ಸೋತೆ ಎಂದುಕೊಂಡೆ.

ನಮ್ಮವರು ಕೈ ನೀಡಲಿಲ್ಲ. ಕಾರನ್ನೇ ನೋಡುತ್ತ ನಿಂತಿದ್ದರು.

"ಇಲ್ಲ ರುದ್ರೇಶ, ಕೊಡಂಗಿಲ್ಲ," ಅಂದರು. "ತಪ್ಪು ತಿಳ್ಕಾಬ್ಯಾಡ."

ಅವನು ಸ್ವಲ್ಪ ಹೊತ್ತು ಚೌಕಾಸಿ ಮಾಡಿ, ಚಹಾ ಕುಡಿದು, ಬೇಸರವಿಲ್ಲದೆ ಹೋದ. ಕಟ್ಟೆಯ ಮೇಲೆ ಈಗ ಹಳೆಯ ಟ್ರ್ಯಾಕ್ಟರೊಂದನ್ನು ನಿಲ್ಲಿಸಿದ್ದಾನೆಂದು ಕೇಳಿದ್ದೇನೆ. ಅವನು ಹೋದ ಮೇಲೆ ನಾನು ನಮ್ಮವರನ್ನು ಕೇಳಿದೆ: ಬೆಳಿಗ್ಗೆಯಿಂದ ಮಾರಿಬಿಡೋಣ ಅಂದವರು, ನಿಂತ ನಿಲುವಿನಲ್ಲಿ ಹೇಗೆ ಬದಲಾದಿರಿ?

ಅವರು ತುಸು ನಾಚಿಕೊಂಡರು. ಕೋಲಿನ ತುದಿಯಿಂದ ನೆಲ ಕೆದಕಿದರು.

"ನಾ ಯಾವಾಗಲೂ ಒಳಗೇ ಇರ್ತಿದ್ದೆ ನೋಡು," ಅಂದರು. "ಅದು ಹೋಗೋದನ್ನ ನೋಡಿದ್ದು ಇವತ್ತೇ. ಎಷ್ಟು ಚೆಂದ ಹೋಗ್ತೈತೆ ಅದು."

ಆ ವಾರವೇ ಹರಿಹರದಿಂದ ಮೆಕ್ಯಾನಿಕ್ಕು ಬಂದು ಎಡಗಡೆಗೆ ಹೊಸ ತಗಡು ಹಾಕಿ, ಕೊಳವೆಗೆ ಹೊದಿಕೆ ಸುತ್ತಿ, ಹಿಡಿದುಕೊಳ್ಳಲು ಒಂದು ಹಿಡಿಕೆಯನ್ನೂ ಕೂರಿಸಿದ. ಎಷ್ಟೋ ವರ್ಷ ಎಲ್ಲೂ ಸಿಗದಿದ್ದ ಸಾಮಾನುಗಳೆಲ್ಲ ಒಂದೇ ವಾರದಲ್ಲಿ ಹೇಗೆ ಸಿಕ್ಕವು ಎಂದು ಕೇಳುವಷ್ಟು ಸಣ್ಣ ಮನಸ್ಸಿನವಳಲ್ಲ ನಾನು. ಎರಡು ಸಲ ಮಾತ್ರ ಕೇಳಿದೆ. ಸೊಂಟದ ದೆಸೆಯಿಂದ ಅವರಿಗೆ ಇನ್ನೂ ಹತ್ತಿ ಇಳಿಯಲಾಗುವುದಿಲ್ಲ. ಹಾಗಾಗಿ ಭಾನುವಾರ ಸಂಜೆ ನಾನೊಬ್ಬಳೇ ಹೋಗುತ್ತೇನೆ. ಅವರು ಮಧ್ಯಾಹ್ನವೆಲ್ಲ ಕಾರು ಒರೆಸಿ, ಸಂಜೆ ಗೇಟಿಗೆ ಬಂದು ನಿಂತು, ನಾನು ಓಣಿಯ ತಿರುವು ದಾಟುವ ತನಕ ಕೈ ಬೀಸುತ್ತಾರೆ. ಕನ್ನಡಿಯಲ್ಲಿ ಕಾಣುತ್ತದೆ. ಬೀಸುವುದು ನನಗೋ ಕಾರಿಗೋ ಎಂದು ನಾನು ಕೇಳಿಲ್ಲ.