ಅಪ್ಪನ ಟಾರ್ಚಿನ ಮೂರು ಸೆಲ್ಲು

ನಾನು ಚಿಕ್ಕವನಿದ್ದಾಗ, ಒಂದು ಶನಿವಾರ ಮಧ್ಯಾಹ್ನ ಸರಿಯಾಗಿ ಎರಡೂವರೆಗೆ, ಕಡಲ ದಡದ ತೆಂಗಿನಗುಂಡಿಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ತಪ್ಪು ಮಾಡಿದೆ.

ಆಗ ನಾನು ಒಂಬತ್ತನೇ ಕ್ಲಾಸು. ಅಂದು ಬೆಳಿಗ್ಗೆ ವಿಜ್ಞಾನದ ಮಾಸ್ತರು ಮೇಜಿನ ಮೇಲೆ ಸೆಲ್ಲು, ತಂತಿ, ಪುಟ್ಟ ಬಲ್ಬು ಇಟ್ಟು ವಿದ್ಯುತ್ ಮಂಡಲ ತೋರಿಸಿದ್ದರು. ತಂತಿ ತಾಗಿದ್ದೇ ಬಲ್ಬು ಹೊತ್ತಿಕೊಂಡಿತು.

"ಬಲ್ಬಿಲ್ಲದೆ ತಂತಿ ಸೇರಿಸಿದ್ರೆ ಎಂತ ಆಗ್ತದೆ ಸರ್?" ಎಂದು ಕೇಳಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

"ಸೋಮವಾರ ಹೇಳ್ತೇನೆ. ಅಲ್ಲೀವರೆಗೆ ಕೈ ಸುಮ್ಮನೆ ಇಟ್ಕೊ" ಎಂದರು.

ಸೋಮವಾರದವರೆಗೆ ಕಾಯುವವರು ಯಾರು? ಅಪ್ಪನ ಟಾರ್ಚಿನಿಂದ ಮೂರೂ ಹೊಸ ಸೆಲ್ಲು ತೆಗೆದು ಸಾಲಾಗಿಟ್ಟು, ಎರಡು ತುದಿಗೂ ಒಂದೇ ತಾಮ್ರದ ತಂತಿ ಕಟ್ಟಿದೆ. ಬೆಳಕೇ ಇಲ್ಲ. ಬೇಸರವಾಗಿ ಹಾಗೇ ಬಿಟ್ಟು ಆಡಲು ಹೋದೆ. ಒಂದು ತಾಸು ಬಿಟ್ಟು ಬಂದು ಮುಟ್ಟಿದರೆ ಸೆಲ್ಲು ಕೈ ಸುಡುವಷ್ಟು ಬಿಸಿ! ಆರುವವರೆಗೆ ಕಾದು ಟಾರ್ಚಿಗೆ ತುಂಬಿದೆ. ಸಂಜೆ ಮೀನಿಗೆ ಹೊರಡುವಾಗ ಅಪ್ಪ ಒಮ್ಮೆ ಒತ್ತಿ ನೋಡಿದ. ಹೊತ್ತಿತು. ಸದ್ಯ ಬಚಾವಾದೆ ಅಂದುಕೊಂಡೆ.

ಕತ್ತಲಾದ ಮೇಲೆ ಅಕ್ಕ ಲಾಟೀನು ಹಿಡಿದಳು. ಅಪ್ಪ ತರುವ ಮೀನಿಗೆಂದು ನಾನು ಖಾಲಿ ಬುಟ್ಟಿ ಹೊತ್ತು ಅವಳ ಜೊತೆ ದಡಕ್ಕೆ ಹೋದೆ. ಕಾಲಡಿ ಹಸಿ ಮರಳು, ಗಾಳಿಯಲ್ಲಿ ಒಣಮೀನಿನ ವಾಸನೆ. ದಡಕ್ಕೆ ಮರಳುತ್ತಿದ್ದ ಅಪ್ಪನ ದೋಣಿಯ ಹುಟ್ಟಿನ ಸದ್ದು ಕೇಳಿಸುತ್ತಿತ್ತು. ಆಗಲೇ ದೊಡ್ಡ ಬೋಟೊಂದು ಗುಡುಗುಡು ಎನ್ನುತ್ತಾ ನೇರ ಆ ದಿಕ್ಕಿಗೇ ಹೊರಟಿತು. ಹಾಗೆ ಬೋಟು ಎದುರಾದರೆ ದೋಣಿಯವರು ಟಾರ್ಚು ಬೀಸಬೇಕು. ಅಪ್ಪನ ಟಾರ್ಚು ಬೀಡಿಯ ಕೆಂಡದಷ್ಟು ಕೆಂಪಾಗಿ, ಆರಿಹೋಯಿತು.

ಅಕ್ಕ ಲಾಟೀನು ಎತ್ತಿ ಬೀಸುತ್ತಾ ಎದೆಮಟ್ಟದ ನೀರಿಗೆ ಓಡಿದಳು. "ಹೋಯ್! ದೋಣಿ ಇದೆ, ದೋಣಿ!" ಬೋಟು ಕೊನೇ ಗಳಿಗೆಯಲ್ಲಿ ತಿರುಗಿತು. ಅದರ ಅಂಚು ತಾಗಿ ಅಪ್ಪನ ಹುಟ್ಟು ಲಟಕ್ಕನೆ ಮುರಿದ ಸದ್ದಿಗೆ ಇವತ್ತಿಗೂ ನಾನು ಬೆಚ್ಚುತ್ತೇನೆ.

ಅಪ್ಪ ತೊಯ್ದು ನಡುಗುತ್ತಾ ದಡಕ್ಕೆ ಬಂದ. "ನಿನ್ನೆ ತಂದ ಸೆಲ್ಲು ಮಾರಾಯ್ತಿ! ಸೋಮವಾರ ಪೇಟೆಗೆ ಹೋಗಿ ಆ ಅಂಗಡಿಯವ್ನ ಬಿಡೂದಿಲ್ಲ" ಎಂದು ಅಕ್ಕನಿಗೆ ಹೇಳಿದ. ನಾನು ಬುಟ್ಟಿ ಎತ್ತಿಕೊಂಡು ಮನೆಯ ದಾರಿ ಹಿಡಿದೆ. ಎರಡು ರಾತ್ರಿ ಕಣ್ಣು ಮುಚ್ಚಿದರೆ ಆ ಬೋಟಿನ ಮೂತಿಯೇ ಎದುರು. ಹೊಸ ಸೆಲ್ಲು ಹೇಗೆ ಕೈಕೊಟ್ಟಿತೆಂದು ಅಪ್ಪನೂ ಚಾಪೆಯ ಮೇಲೆ ಹೊರಳುತ್ತಿದ್ದ.

ಸೋಮವಾರ ಮಾಸ್ತರು ಮರೆಯದೆ ಹೇಳಿದರು: "ನಡುವೆ ಬಲ್ಬಿಲ್ಲದಿದ್ರೆ ಕರೆಂಟಿಗೆ ತಡೆಯೇ ಇಲ್ಲ. ಒಂದೇ ಸಮ ಹರಿದು ಸೆಲ್ಲು ಬರಿದಾಗ್ತದೆ. ಅದೇ ಶಾರ್ಟ್ ಸರ್ಕ್ಯೂಟ್."

ನಾನು ಮನೆಗೆ ಓಡಿದೆ. ಅಪ್ಪ ಅಂಗಿ ತೊಟ್ಟು ಪೇಟೆಗೆ ಹೊರಟಿದ್ದ. "ಸೆಲ್ಲು ಹಾಳು ಮಾಡಿದ್ದು ನಾನು" ಎಂದೆ. ಪೆಟ್ಟು ಬಿತ್ತೆಂದು ಕಣ್ಣು ಮುಚ್ಚಿದೆ.

"ಹೇಗೆ ಹಾಳಾತು? ತೋರ್ಸು" ಎಂದ ಅಪ್ಪ.

ಇದ್ದಿಲಿನಿಂದ ಜಗಲಿಯ ಮೇಲೆ ಸೆಲ್ಲು, ತಂತಿ, ಬಲ್ಬು ಬರೆದು ಮಾಸ್ತರು ಹೇಳಿದ್ದನ್ನೇ ಹೇಳಿದೆ. ಶಾಲೆಯ ಮೆಟ್ಟಿಲು ಹತ್ತದ ಅಪ್ಪ ಕುಕ್ಕರಗಾಲಲ್ಲಿ ಕೂತು ಎರಡು ಸಲ ಕೇಳಿದ.

"ಅಂಗಡಿಯವ ಇವತ್ತು ಉಳ್ಕಂಡ" ಎಂದು ಅಕ್ಕ ನಕ್ಕಳು.

"ಕಲಿ. ಆದ್ರೆ ಹಳೇ ಸೆಲ್ಲಲ್ಲಿ ಕಲಿ" ಎಂದ ಅಪ್ಪ, ಅಂಗಿ ಬಿಚ್ಚಿ ಗೂಟಕ್ಕೆ ಹಾಕುತ್ತಾ.

ಮಕ್ಕಳೇ, ಈಗ ನಿಮ್ಮ ಶಾಲೆಯಲ್ಲಿ ಪಾಠಕ್ಕೆಂದೇ ಸೆಲ್ಲು, ಬಲ್ಬುಗಳ ಪೆಟ್ಟಿಗೆ ಇದೆ. ಮನೆಯಲ್ಲಿ ಶಾರ್ಟ್ ಆದರೆ ಸ್ವಿಚ್ಚು ತಾನೇ ಬೀಳುತ್ತದೆ. ದೋಣಿಗಳಿಗೂ ದೂರದಿಂದ ಕಾಣುವ ಎಲ್‌ಇಡಿ ದೀಪ ಬಂದಿದೆ. ನಮಗೆ ಅದೊಂದೂ ಇರಲಿಲ್ಲ. ತಪ್ಪು ಮಾಡಿದವನೇ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದ ಆ ಸೋಮವಾರ ರಾತ್ರಿ ಅಪ್ಪನ ಗೊರಕೆ ಕೇಳುತ್ತಾ ಕೇಳುತ್ತಾ ನನಗೂ ನಿದ್ದೆ ಹತ್ತಿತು. ಬೆಳಗಾದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.