ಮೂರನೇ ಟ್ಯಾಂಕಿನ ಬಾಗು

2022ರಲ್ಲಿ ನಾನು ಲಾಸ್ ಏಂಜಲೀಸ್ ಬಂದರಿನಲ್ಲಿ ಮರೀನ್ ಸರ್ವೇಯರ್ ಆಗಿದ್ದೆ. ಹಡಗು ಹತ್ತಿ, ಮೂಲೆ ಮೂಲೆ ತಟ್ಟಿ ನೋಡಿ, ಇದನ್ನು ಸಮುದ್ರಕ್ಕೆ ಬಿಡಬಹುದು ಎಂದು ಸಹಿ ಹಾಕುವ ಕೆಲಸ. ಮೂವತ್ತು ವರ್ಷ ಹಾಕಿದ ಸಹಿಗಳಲ್ಲಿ ಒಂದನ್ನು ಮಾತ್ರ ಅಳಿಸಿಬಿಡಬೇಕು ಅನ್ನಿಸಿದ್ದುಂಟು. ಅದು ‘ಮೆರಿಡಿಯನ್ ಲಾರ್ಕ್’ ಎಂಬ ಮುದಿ ಹಡಗಿನದು.

ಲಾರ್ಕ್ ಐವತ್ತರ ದಶಕದ ಪ್ಯಾಸೆಂಜರ್-ಕಾರ್ಗೋ ಲೈನರ್. ಮೇಲೆ ಐವತ್ತು ಪ್ರಯಾಣಿಕರು, ಕೆಳಗೆ ಸರಕು. ಬೊಂಬಾಯಿಯಿಂದ ಸಿಂಗಾಪುರ, ಜಪಾನ್ ತನಕ ಓಡಾಡಿ, ವಯಸ್ಸಾದ ಮೇಲೆ ಇಲ್ಲಿ ತೇಲುವ ರೆಸ್ಟೋರೆಂಟ್ ಆಯಿತು. ಕೋವಿಡ್‌ನಲ್ಲಿ ಅದಕ್ಕೂ ಬೀಗ ಬಿತ್ತು. ಹಳೆಯ ಹಡಗುಗಳ ಹುಚ್ಚಿರುವ ಕೆಲವರು ಸೇರಿ ಅದನ್ನು ಕೊಂಡರು. ತಳ ರಿಪೇರಿ ಮಾಡಿಸಲು ಸ್ಯಾನ್ ಡಿಯಾಗೋದ ಡ್ರೈಡಾಕ್‌ನಲ್ಲಿ ದಿನ ಗೊತ್ತಾಯಿತು. ಆ ದಿನ ತಪ್ಪಿದರೆ ಲಾರ್ಕ್ ಗುಜರಿಗೆ. ಎಂಜಿನ್ ಎಂದೋ ಸತ್ತಿದ್ದರಿಂದ ಟಗ್‌ದೋಣಿಯೇ ಎಳೆದೊಯ್ಯಬೇಕು. ಎಳೆಯಬಹುದೋ ಬಾರದೋ ಎಂದು ಹೇಳಬೇಕಾದವನು ನಾನು.

ಆ ಗುಂಪಿನಲ್ಲಿ ಸುವರ್ಣ ಅಂಕಲ್ ಇದ್ದರು. ಊರು ಮಲ್ಪೆ, ವಯಸ್ಸು ಎಂಬತ್ತೊಂದು, ಈಗ ಸ್ಯಾನ್ ಡಿಯಾಗೋದ ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ಮಗಳ ಮನೆ. ಇಪ್ಪತ್ತಮೂರನೇ ವಯಸ್ಸಿನಲ್ಲಿ ಇದೇ ಲಾರ್ಕ್‌ಗೆ ಜೂನಿಯರ್ ಎಂಜಿನಿಯರ್ ಆಗಿ ಸೇರಿದವರು. ಸರ್ವೇ ದಿನ ನನ್ನ ಜೊತೆ ಹತ್ತಿದರು. ಊಟದ ಹಾಲಿಗೆ ಬಂದಾಗ ನಿಂತು, “ಇಲ್ಲಿ ಪಿಯಾನೋ ಇತ್ತು. ಅಲೆ ಜೋರಾದ್ರೂ ಒಬ್ಬರು ಮೇಡಂ ಬಾರಿಸುದು ಬಿಡ್ತಿರಲಿಲ್ಲ. ಪಿಯಾನೋ ಜಾರದ ಹಾಗೆ ಹಿಡ್ಕೊಳ್ಳುದು ನಮ್ಮ ಡ್ಯೂಟಿ” ಎಂದರು. ಕೆಳಗಿನ ಧೋಬಿ ರೂಮನ್ನು ರೆಸ್ಟೋರೆಂಟಿನವರು ಟೈಲ್ಸ್ ಹಾಕಿಸಿ ವೈನ್ ಸ್ಟೋರ್ ಮಾಡಿದ್ದರು. “ಇಸ್ತ್ರಿ ಮೇಜಿನ ಅಡಿಯಲ್ಲಿ ಅಮ್ಮ ಕೊಟ್ಟ ಮಿಡಿ ಉಪ್ಪಿನಕಾಯಿ ಭರಣಿ ಇಟ್ಟಿದ್ದೆ. ಬೈಲಿಕ್ಕೆ ಬಂದ ಚೀಫ್ ಎಂಜಿನಿಯರ್ ಎರಡು ಮಿಡಿ ತಿಂದು ಹೋದ್ರು.”

ಹಡಗಿನ ಒಳಗೆ, ಕೆಳಭಾಗದಲ್ಲಿ, ಎರಡೂ ಬದಿಗೆ ಟ್ಯಾಂಕುಗಳಿರುತ್ತವೆ. ಅವುಗಳಲ್ಲಿ ನೀರಿದೆಯೇ ಎಂದು ತಿಳಿಯಲು ಸಣ್ಣ ಪೈಪಿನೊಳಗೆ ಹಿತ್ತಾಳೆಯ ಸರಳನ್ನು ಇಳಿಬಿಡುತ್ತೇವೆ. ತಳ ಮುಟ್ಟಿದ ಸರಳು ಒಣಗಿಯೇ ಮೇಲೆ ಬಂದರೆ ಟ್ಯಾಂಕ್ ಖಾಲಿ. ಇದಕ್ಕೆ ಸೌಂಡಿಂಗ್ ಎನ್ನುತ್ತಾರೆ. ಎಡಬದಿಯ ಮೂರನೇ ಟ್ಯಾಂಕಿನಲ್ಲಿ ಸರಳು ಅರ್ಧದಲ್ಲೇ ಟಕ್ ಎಂದು ನಿಂತಿತು.

“ಅಂಕಲ್, ಇದು ತಳ ಮುಟ್ಟಲಿಲ್ಲ.”

“ಅಲ್ಲೊಂದು ಬಾಗು ಉಂಟು ಮಾರಾಯ. ನಮ್ಮ ಕಾಲದಲ್ಲೂ ಅಲ್ಲೇ ನಿಲ್ತಿತ್ತು. ಆ ಟ್ಯಾಂಕು ಯಾವತ್ತೂ ಒಣಗಿಯೇ.”

ಸೌಂಡಿಂಗ್ ಪೈಪು ನೇರವಾಗಿರಬೇಕು. ಅದು ನನಗೆ ಗೊತ್ತಿತ್ತು. ಬೇರೆ ಯಾರೇ ಈ ಮಾತು ಹೇಳಿದ್ದರೂ ಟ್ಯಾಂಕಿನ ಮುಚ್ಚಳ ಎಲ್ಲಿದೆ ಎಂದು ಹುಡುಕಿ ಬಿಚ್ಚಿಸುತ್ತಿದ್ದೆ. ಆದರೆ ತಂದೆಯ ವಯಸ್ಸಿನವರು, ಆ ಹಡಗಿನಲ್ಲಿ ಬೆವರು ಸುರಿಸಿದವರು. ಅವರೆದುರೇ ಬಿಚ್ಚಿಸಿದರೆ ಅವರ ಮಾತು ನಂಬಲಿಲ್ಲ ಎಂದ ಹಾಗಾಗುತ್ತದೆ. ‘ಮೂರನೇ ಟ್ಯಾಂಕ್ ಖಾಲಿ’ ಎಂದು ಬರೆದು ಸಹಿ ಹಾಕಿದೆ.

ಮುಂದಿನ ವಾರ ಒಂದು ಮಧ್ಯಾಹ್ನ ಹೊರಟೆವು. ನಾನು ಟಗ್‌ನಲ್ಲಿ, ಲಾರ್ಕ್ ಮೇಲೆ ಪಂಪಿನೊಂದಿಗೆ ಒಬ್ಬ ಮೇಸ್ತ್ರಿಯೂ ಸೇರಿ ಮೂವರು ಕೆಲಸಗಾರರು. ಮರುದಿನ ಬೆಳಿಗ್ಗೆ ಏಳಕ್ಕೆ, ಇನ್ನು ಇಪ್ಪತ್ತು ಮೈಲಿ ಇರುವಾಗ, ಕಾಫಿ ಹಿಡಿದು ಹಿಂದಕ್ಕೆ ನೋಡಿದೆ. ಲಾರ್ಕ್ ನೇರವಾಗಿರಲಿಲ್ಲ.

“ಎಡಕ್ಕೆ ನಾಲ್ಕು ಡಿಗ್ರಿ,” ಎಂದ ಮೇಸ್ತ್ರಿ ರೇಡಿಯೋದಲ್ಲಿ. ಸ್ವಲ್ಪ ಹೊತ್ತಿಗೆ, “ಐದು.”

ಎಡಬದಿಯಲ್ಲಿ ರೆಸ್ಟೋರೆಂಟಿನವರು ಕೊರೆದಿದ್ದ ಬಾಗಿಲಿಗೆ ತೆಳು ತಗಡಷ್ಟೇ ಹೊದಿಸಲಾಗಿತ್ತು. ನೀರು ಅದರ ಅಂಚು ಮುಟ್ಟಿದರೆ ಹಡಗು ಉಳಿಯುವುದಿಲ್ಲ. ಅಂಚಿಗೂ ನೀರಿಗೂ ಇದ್ದದ್ದು ಎರಡಡಿ. ಉಳಿದ ಟ್ಯಾಂಕುಗಳೆಲ್ಲ ಒಣಗಿದ್ದವು. ಸೌಂಡಿಂಗ್‌ಗೆ ಸಿಗದಿದ್ದದ್ದು ಮೂರನೆಯದೊಂದೇ.

ಟಗ್ ಕ್ಯಾಪ್ಟನ್ ದನಿ ಏರಿಸದೆ ಹೇಳಿದ: “ಅರ್ಧ ಗಂಟೆ ನೋಡ್ತೀನಿ. ಆಮೇಲೆ ಆ ಮೂವರನ್ನ ಇಳಿಸ್ಕೊಂಡು ಹಗ್ಗ ಕತ್ತರಿಸ್ತೀನಿ.”

ಸುವರ್ಣ ಅಂಕಲ್ ಮನೆಗೆ ಫೋನ್ ಮಾಡಿದೆ. ಫೋನ್ ಎತ್ತಿದ ಮೊಮ್ಮಗಳು “ಹೀ ಈಸ್ ಡೂಯಿಂಗ್ ಪೂಜಾ, ಅಂಕಲ್” ಎಂದಳು.

“ದೇವರು ಕಾಯ್ತಾನೆ ಪುಟ್ಟಾ, ಹಡಗು ಕಾಯಲ್ಲ. ಕೊಡು.”

ಅಂಕಲ್ ಬಂದೊಡನೆ ವಿಷಯ ಹೇಳಿದೆ.

“ಆ ಬಾಗನ್ನ ನೀವು ಕಣ್ಣಾರೆ ನೋಡಿದ್ದೀರಾ?” ಸರ್ವೇ ದಿನ ಕೇಳಬೇಕಾಗಿದ್ದ ಪ್ರಶ್ನೆ.

“ಇಲ್ಲ. ಚೀಫ್ ಹೇಳಿದ್ರು. ಅಷ್ಟು ದೊಡ್ಡವರನ್ನ ಕೇಳುದು ಹೇಗೆ?”

ನನ್ನದೇ ಉತ್ತರ ಆ ಕಡೆಯಿಂದ ಬಂದಂತಿತ್ತು.

“ಮುಚ್ಚಳ ಎಲ್ಲಿದೆ ಅಂಕಲ್?”

“ಧೋಬಿ ರೂಮು, ಹಡಗಿನ ಗೋಡೆಗೆ ತಾಗಿ, ಟೈಲ್ಸ್ ಅಡಿ ಇರ್ಬೇಕು. ನೀರಿನ ಮಟ್ಟಕ್ಕಿಂತ ಮೇಲುಂಟು, ಬಿಚ್ಚಿದ್ರೆ ಉಕ್ಕುದಿಲ್ಲ.”

“ಇದನ್ನ?”

“ಇದನ್ನ ನೋಡಿದ್ದೇನೆ. ತಂಪಿಗೆ ಅಂತ ಭರಣಿ ಇಟ್ಟದ್ದೇ ಆ ಮುಚ್ಚಳದ ಮೇಲೆ.”

ಮೇಸ್ತ್ರಿ ಸುತ್ತಿಗೆಯಲ್ಲಿ ಟೈಲ್ಸ್ ಒಡೆದ. ಮುಚ್ಚಳ ಅಲ್ಲೇ ಇತ್ತು. ಬೋಲ್ಟುಗಳೆಲ್ಲ ತುಕ್ಕು ಹಿಡಿದು ಒಂದಾಗಿದ್ದವು. ಒಂದೊಂದನ್ನು ಕತ್ತರಿಸಿದಾಗಲೂ ಅವನು ರೇಡಿಯೋದಲ್ಲಿ ಎಣಿಸುತ್ತಿದ್ದ. ಕ್ಯಾಪ್ಟನ್ ಗಡಿಯಾರ ನೋಡುತ್ತಿದ್ದ. ಅರ್ಧ ಗಂಟೆಗೆ ನಾಲ್ಕು ನಿಮಿಷ ಇದ್ದಾಗ ಪಂಪಿನ ಕೊಳವೆ ಒಳಗೆ ಇಳಿಯಿತು. ಅಂಕಲ್ ಫೋನ್ ಇಟ್ಟಿರಲಿಲ್ಲ. ಅವರ ಉಸಿರು ಕೇಳುತ್ತಿತ್ತು.

“ಆರಕ್ಕೆ ನಿಂತಿದೆ,” ಎಂದ ಮೇಸ್ತ್ರಿ. ಬಹಳ ಹೊತ್ತಿನ ಮೇಲೆ, “ಐದು.”

ಅಂದು ಮಧ್ಯಾಹ್ನ ಲಾರ್ಕ್ ಸ್ಯಾನ್ ಡಿಯಾಗೋ ಮುಟ್ಟಿತು. ಡ್ರೈಡಾಕ್‌ನಲ್ಲಿ ಮೂರನೇ ಟ್ಯಾಂಕಿನ ತಳದಲ್ಲಿ ತುಕ್ಕು ತಿಂದ ತೂತು ಸಿಕ್ಕಿತು. ಪೈಪು ಕೊಯ್ದು ನೋಡಿದರೆ ಬಾಗು ಇರಲಿಲ್ಲ. ಯಾರೋ ಎಂದೋ ಬೀಳಿಸಿದ ಹಿತ್ತಾಳೆ ಸರಳೊಂದು ನಡುವೆ ಸಿಕ್ಕಿಕೊಂಡಿತ್ತು. ಅಂಕಲ್ ಅದನ್ನು ಅಂಗೈಯಲ್ಲಿ ತಿರುಗಿಸಿ, “ಚೀಫ್ ಕೈಯಿಂದಲೇ ಬಿದ್ದದ್ದಿರ್ಬೇಕು, ಕಳ್ಳ” ಎಂದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, “ನೀನಾದ್ರೂ ನನ್ನನ್ನ ಕೇಳ್ಬೇಕಿತ್ತಲ್ವಾ?” ಎಂದರು.

ರಿಪೋರ್ಟಿನಲ್ಲಿ ತಪ್ಪು ನನ್ನದೆಂದೇ ಬರೆದೆ. ಹಿರಿಯರ ಮಾತಿಗೆ ತಲೆಬಾಗಿದ್ದು ಗೌರವ ಅಂದುಕೊಂಡಿದ್ದೆ. ಅದರ ಭಾರವನ್ನೆಲ್ಲ ಲಾರ್ಕ್ ಮೇಲಿದ್ದ ಮೂವರು ಹೊತ್ತಿದ್ದರು. ನಿವೃತ್ತಿಯ ತನಕ ನನ್ನ ಕೈಕೆಳಗೆ ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಆ ಪ್ರಶ್ನೆ ಕಲಿಸಿದೆ. ಅವರು ಅದನ್ನು ನನಗೇ ಕೇಳತೊಡಗಿದರು: “ಸರ್, ನೀವು ನೋಡಿದ್ದೀರಾ?” ಮೊದಮೊದಲು ಒಳಗೆ ಚುರುಕ್ ಅನ್ನುತ್ತಿತ್ತು. ಎಷ್ಟೋ ಸಲ ನೋಡಿ ಬರಲು ಟಾರ್ಚ್ ಹಿಡಿದು ಏಣಿ ಇಳಿದಿದ್ದೇನೆ.