ಕಂಟ್ರೋಲರಿನೊಳಗಿನ ಕುಂಕುಮ

ಕಾಕಾನ ಬಲಗೈ ತೋರುಬೆರಳಿನ ತುದಿ ಬೆಸುಗೆಯ ಬಿಸಿಗೆ ಸುಟ್ಟು ಸುಟ್ಟು ಜಡ್ಡುಗಟ್ಟಿತ್ತು. ಎಲೆಕ್ಟ್ರಿಕ್ ಸ್ಕೂಟರ್ ಕೆಟ್ಟು ಬಂದರೆ ಅವರು ಮೀಟರು ಮುಟ್ಟುವ ಮೊದಲು ಹಿಂದಿನ ಚಕ್ರ ಎತ್ತಿ ನಿಲ್ಲಿಸಿ, ಆ ಒಂದೇ ಬೆರಳಿನಿಂದ ತಿರುಗಿಸಿ ನೋಡುತ್ತಿದ್ದರು. ನಾಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ. ಬೀದರ್ ಕಡೆಯವರು. ಗಲ್ಲಿಗೆಲ್ಲ ಕಾಕಾ, ಹಾಗಾಗಿ ಮೈಸೂರಿನ ನನಗೂ ಕಾಕಾ.

ಮೊದಲ ಸಲ ಹೋದಾಗ ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಚಿಕ್ಕಂದಿನಿಂದ ನನ್ನ ಬಲಗಾಲಿಗೆ ಶಕ್ತಿಯಿಲ್ಲ. ಮಿಯಾಪುರದ ಮನೆಯಿಂದ ಐಟಿ ಆಫೀಸಿಗೆ ನನ್ನನ್ನು ಮುಟ್ಟಿಸುತ್ತಿದ್ದುದು ಪಕ್ಕಕ್ಕೆ ಎರಡು ಚಕ್ರ ಕೂಡಿಸಿದ ಎಲೆಕ್ಟ್ರಿಕ್ ಸ್ಕೂಟರ್. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸೋಮವಾರವೂ ಬರದಿದ್ದರೆ ಮತ್ತೆ ಬರುವುದೇ ಬೇಡ ಎಂದು ಮ್ಯಾನೇಜರ್ ಹೇಳಿಯಾಗಿತ್ತು. ಮೋಟರಿಗೆ ಕರೆಂಟು ಹಂಚುವ ಕಂಟ್ರೋಲರ್ ಹೋಗಿದೆ, ಹೊಸದು ಬರಲು ತಿಂಗಳು ಬೇಕು ಎಂದು ಶೋರೂಮಿನವರು ಕೈಚೆಲ್ಲಿದರು. ಶನಿವಾರ ಬೆಳಿಗ್ಗೆ ಟೆಂಪೋದಲ್ಲಿ ತಂದು ಕಾಕಾನ ಮುಂದೆ ಇಳಿಸಿದೆ.

ಕಾಕಾ ಚಕ್ರ ತಿರುಗಿಸಿದರು. ಅದು ತಡೆದು ತಡೆದು ತಿರುಗಿತು. ಕಂಟ್ರೋಲರಿನಿಂದ ಮೋಟರಿಗೆ ಹೋಗುವ ಮೂರು ದಪ್ಪ ವೈರು ಬಿಚ್ಚಿ ಮತ್ತೆ ಬೆರಳಿಟ್ಟರು. ಈಗ ಸರಾಗ.

"ಮೋಟರ್ ಆರಾಮ ಐತಿ. ಡಬ್ಬಿ ಒಳಗ ಶಾರ್ಟ್ ಆಗೇತಿ. ನೀರು ಹೊಡದಿದ್ದೇನ್ ತಂಗಿ?"

"ಇಲ್ಲವೇ ಇಲ್ಲ. ಕಂಪನಿ ಮಾಲೇ ಸರಿಯಿಲ್ಲ!" ಎಂದು ಏರುದನಿಯಲ್ಲಿ ಹೇಳಿದೆ. ದಿನವಿಡೀ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಸಂಬಳ ತಿನ್ನುವವಳು ನಾನು. ನನ್ನ ತಪ್ಪು ಒಪ್ಪಲು ಮಾತ್ರ ನಾಲಿಗೆ ಹೊರಳುತ್ತಿರಲಿಲ್ಲ.

ಕಾಕಾ ವಾದಿಸಲಿಲ್ಲ. ಡಬ್ಬಿಯಲ್ಲಿ ಉಳಿದಿದ್ದ ಕರೆಂಟನ್ನು ಒಂದು ಬಲ್ಬಿಗೆ ಇಳಿಸಿದರು. "ಮೊದ್ಲು ಅದರ ಸಿಟ್ಟು ಇಳೀಲಿ. ನೀನೂ ಚಾ ಕುಡಿ." ಬಲ್ಬು ಮಿನುಗಿ ಆರಿದ ಮೇಲೆ ಮುಚ್ಚಳ ತೆಗೆದು ಡಬ್ಬಿಯನ್ನು ನನ್ನತ್ತ ತಿರುಗಿಸಿದರು. ಒಳಗೆಲ್ಲ ಕುಂಕುಮದ ಕೆಂಪು.

ಆಯುಧಪೂಜೆಯ ದಿನ ಕುಂಕುಮ ತುಂಬಿದ ಬೂದುಗುಂಬಳವನ್ನು ಸ್ಕೂಟರಿನ ಮುಂದೆಯೇ ಜೋರಾಗಿ ಒಡೆದಿದ್ದೆ. ಸೀಟಿನ ಕೆಳಗೆಲ್ಲ ಸಿಡಿದದ್ದನ್ನು ಮರುದಿನ ಪೈಪು ಹಿಡಿದು ತೊಳೆದಿದ್ದೆ.

"ತೊಳೆದಿದ್ದೆ, ಕಾಕಾ," ಎಂದೆ. ಮುಖ ಎತ್ತಲಾಗಲಿಲ್ಲ.

"ಪೂಜಿ ಭಾಳ ಒಳಗ ಮುಟ್ಟೇತಿ," ಎಂದು ನಕ್ಕರು. ಆಮೇಲೆ ಮೆಲ್ಲಗೆ, "ನೀ ಇಲ್ಲ ಅಂದಿ ಅಂತ ನಾ ಬರೇ ಸುಟ್ಟ ಸಾಮಾನು ಬದಲಿ ಮಾಡಿ ಕೊಟ್ಟಿದ್ರ, ನೀರು ಬಂದ ದಾರಿ ಹಂಗೇ ಉಳೀತಿತ್ತು. ಮುಂದ ಮಳಿ ಬಂದಾಗ ನಡುರಸ್ತಾದಾಗ ನಿಲ್ತಿದ್ದಿ, ಒಬ್ಬಾಕಿ," ಎಂದರು.

ಭಾನುವಾರ ಮಧ್ಯಾಹ್ನ ಮತ್ತೆ ಹೋದೆ. ಸುಟ್ಟ ಬಿಡಿಭಾಗ ಬದಲಾಗಿತ್ತು. ಡಬ್ಬಿಯನ್ನು ಒಣಗಿಸಿ, ಬಿರುಕು ಬಿಟ್ಟ ಜಾಗಕ್ಕೆ ಅಂಟು ಮೆತ್ತಿ ಮುಚ್ಚಿದ್ದರು. ಮೂರೂ ವೈರು ಸೇರಿಸಿ, "ನೀನ ತಿರುಗ್ಸು," ಎಂದರು. ಬೆರಳಿಟ್ಟೆ. ಚಕ್ರ ಎಲ್ಲಿಯೂ ತಡೆಯದೆ ತಿರುಗಿತು. ಗಲ್ಲಿಯವರೆಲ್ಲ ನೋಡುತ್ತಿದ್ದರೂ ನಾನು ಅತ್ತುಬಿಟ್ಟೆ. ಸೋಮವಾರ ಮ್ಯಾನೇಜರ್‌ಗಿಂತ ಮೊದಲೇ ಆಫೀಸಿನಲ್ಲಿದ್ದೆ.

ಕೆಲಸ ಖಾಯಂ ಆಯಿತು. ಕಾಕಾ ಹೋದ ವರ್ಷ ತೀರಿಕೊಂಡರು. ಈಗಲೂ ಆಯುಧಪೂಜೆಗೆ ಬೂದುಗುಂಬಳ ಒಡೆಯುತ್ತೇನೆ, ಗೇಟಿನಾಚೆ. ಸ್ಕೂಟರನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ.

ಮೊನ್ನೆ ಆಫೀಸಿನಲ್ಲಿ ನನ್ನಿಂದಲೇ ಒಂದು ಕೆಲಸ ಕೆಟ್ಟಿತು. ಯಾರೂ ಕೇಳುವ ಮೊದಲೇ ಎದ್ದು ನಿಂತು ನಾನೇ ಮಾಡಿದ್ದು ಎಂದೆ. ಎಷ್ಟು ಹಗುರಾಯಿತು, ಕಾಕಾ.